ಕೂಗಿಲ್ಲದ ಲಿಲಾವು

ಪ್ರೀತಿಯ ಪುಟ್ಟಿ,

ಹೋದ ವಾರ ನೀನು ಫೋನ್ ಮಾಡಿದಾಗಲೆಲ್ಲ "ಆಮೇಲೆ ಮಾತಾಡ್ತೀನಿ" ಅಂತ ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಮನೆ ತುಂಬ ಹುಡುಗರು. ಸೋಫಾದ ಮೇಲೆ ನವಲಗುಂದದ ಜಮಖಾನೆ, ಊಟದ ಮೇಜಿನ ಮೇಲೆ ಕಿನ್ನಾಳದ ಗೊಂಬೆ, ನಿನ್ನ ಮಂಚದ ಮೇಲೆ ಇಳಕಲ್ಲ ಸೀರೆ. ಕೂಡಲು ಜಾಗವಿರಲಿಲ್ಲ, ಇನ್ನು ಮಾತಿಗೆಲ್ಲಿ? ಈಗ ಎಲ್ಲ ಮುಗಿದಿದೆ. ನಿಧಾನವಾಗಿ ಬರೆಯುತ್ತೇನೆ.

ಧಾರವಾಡದ ಹತ್ತಿರದ ಹಳ್ಳಿಯ ಸರಕಾರಿ ಶಾಲೆಗೆ ಒಂದು ಓದುವ ಕೋಣೆ ಮಾಡಿಕೊಡೋಣ ಅಂತ ನಮ್ಮ ಓಣಿಯ ಹೆಂಗಸರೆಲ್ಲ ಮಾತಾಡಿಕೊಂಡಿದ್ದೆವು. ನಮ್ಮ ತಲೆಗೆ ಹೊಳೆದದ್ದು ಪ್ರತಿ ವರ್ಷದ್ದೇ: ಸಂಡಿಗೆ, ಉಪ್ಪಿನಕಾಯಿ, ಶೇಂಗಾ ಹೋಳಿಗೆ ಮಾರಾಟ. ಕೆಲಸಕ್ಕೆ ಕೈಜೋಡಿಸಲು ಬಂದ ಕಾಲೇಜು ಹುಡುಗರು ಮಾತ್ರ ಬೇರೆಯೇ ಹೇಳಿದರು. ಮೌನ ಲಿಲಾವು ಮಾಡೋಣ್ರಿ ಆಂಟಿ, ಅಂದರು. ಪ್ರತಿ ವಸ್ತುವಿನ ಮುಂದೆ ಒಂದು ಹಾಳೆ, ಒಂದು ಪೆನ್ನು. ಬೇಕಾದವರು ತಮಗೆ ಕೊಟ್ಟ ನಂಬರನ್ನೂ ತಾವು ಕೊಡುವ ಬೆಲೆಯನ್ನೂ ಬರೆಯುವುದು. ಅದಕ್ಕಿಂತ ಹೆಚ್ಚು ಕೊಡುವವರು ಕೆಳಗಿನ ಸಾಲಿನಲ್ಲಿ ಬರೆಯುವುದು. ಗಂಟೆ ಬಾರಿಸಿದಾಗ ಕೊನೆಯ ಸಾಲಿನಲ್ಲಿರುವವರಿಗೆ ವಸ್ತು.

ನನಗೆ ನಿನ್ನ ಅಜ್ಜ ನೆನಪಾದರು. ಜಾತ್ರೆಯ ಮರುದಿನ ಗುಡಿಯ ಕಟ್ಟೆಯ ಮೇಲೆ ನಿಂತು ದೇವರ ತೆಂಗಿನಕಾಯಿಯನ್ನು ಲಿಲಾವಿಗೆ ಹಾಕುತ್ತಿದ್ದರಲ್ಲ, ಅವರ "ಒಂದ್ ಸಲಾ, ಎರಡ್ ಸಲಾ" ಕೂಗು ಕೆರೆಯ ಆಚೆ ದಂಡೆಗೂ ಕೇಳುತ್ತಿತ್ತು. ಗೌಡರ ಮನೆಯವರು ನೂರು ಅಂದರೆ ಶೆಟ್ಟರ ಮನೆಯವರು ಇನ್ನೂರು. ಹಠ ಏರಿದಷ್ಟೂ ಗುಡಿಗೆ ಲಾಭ. ಆದರೆ ಹಿಂದಿನ ಸಾಲಿನಲ್ಲಿ ನಿಂತ ಹೆಂಗಸರು ಒಬ್ಬರೂ ಬಾಯಿ ತೆರೆದದ್ದು ನಾನು ಕಂಡಿಲ್ಲ. ನೀನೂ ಹಾಗೇ ಇದ್ದೆ. ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಕೈ ಎತ್ತುತ್ತಿರಲಿಲ್ಲ, ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಎಲ್ಲ ಬರೆದಿಟ್ಟು ಬರುತ್ತಿದ್ದೆ. ಹುಡುಗರ ಯೋಜನೆಗೆ ನಾನು ಹೂಂ ಅಂದದ್ದರಲ್ಲಿ ನಿನ್ನ ಪಾಲೂ ಇದೆ.

ಹೂಂ ಅಂದ ಮೇಲೆ ಅವರು ನನ್ನನ್ನು ಬಿಟ್ಟರೇ? "ಕುರ್ಚಿ ನಾವ ಹಾಕತೀವ್ರಿ, ಆದ್ರ ಲೆಕ್ಕಾನೂ ನಮ್ಮ ಕೈಯಾಗ ಕೊಡ್ರಿ" ಅಂತ ಒಬ್ಬ ನೇರವಾಗಿ ಕೇಳಿಯೇಬಿಟ್ಟ. ನಮ್ಮ ಗುಂಪಿನಲ್ಲಿ ಗುಸುಗುಸು ಶುರುವಾಯಿತು. ನಾನು ಹಣದ ಪೆಟ್ಟಿಗೆಯ ಬೀಗದ ಕೈ ಅವನ ಕೈಗೆ ಹಾಕಿದೆ. ಅವನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಎರಡು ಸಾವಿರಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಲಿಲಾವಿನಲ್ಲಿ ಸೀರೆ ಕೊಂಡವರು ಸೀರೆಯ ಬೆಲೆಯನ್ನೂ ದೇಣಿಗೆ ಅಂತ ತೋರಿಸುವಂತಿಲ್ಲ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ.

ಬೆಲೆ ಕಟ್ಟಿದ್ದೂ ಅವರೇ. ಅಂಗಡಿಯಲ್ಲಿ ಆರು ಸಾವಿರ ಬಾಳುವ ಸೀರೆಗೆ ಎರಡೂವರೆ ಸಾವಿರದಿಂದ ಶುರು, ಪ್ರತಿ ಸಾಲಿಗೆ ಇನ್ನೂರೈವತ್ತಾದರೂ ಏರಬೇಕು. ಮೊದಲ ಬೆಲೆ ಕಡಿಮೆಯಿದ್ದರೆ ಜನ ಪೆನ್ನು ಹಿಡಿಯುತ್ತಾರೆ, ಒಮ್ಮೆ ಬರೆದರೆ ಅದು ತಮ್ಮದೇ ಅನ್ನಿಸತೊಡಗುತ್ತದೆ, ಮತ್ತೆ ಮತ್ತೆ ಬಂದು ನೋಡುತ್ತಾರೆ ಅಂತ ಅವರ ಲೆಕ್ಕ. ಎಲ್ಲ ಮೇಜುಗಳನ್ನೂ ಒಮ್ಮೆಲೇ ಮುಚ್ಚಲಿಲ್ಲ. ಹದಿನೈದು ನಿಮಿಷ ಬಿಟ್ಟು ಒಂದೊಂದು. ಒಂದು ಕಡೆ ಸೋತವರು ಮುಂದಿನ ಮೇಜಿಗೆ ಹೋಗಲಿ ಅಂತ.

ವಸ್ತುಗಳಿಗಿಂತ ಹೆಚ್ಚು ಮೇಲೇರಿದ್ದು ಯಾವುದು ಅಂತ ಊಹಿಸು. ಸಮಯ! ಅದೂ ಅವರದೇ ಉಪಾಯ. ಎಂಟು ಜನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಊಟ. ಹಾರ್ಮೋನಿಯಂ ಮೇಷ್ಟ್ರ ಒಂದು ತಿಂಗಳ ಪಾಠ. ಹಿಂದಿನ ಬೀದಿಯ ಅಜ್ಜಿ ಶನಿವಾರ ಶನಿವಾರ ಕಸೂತಿ ಕಲಿಸುವುದು. ಆ ಅಜ್ಜಿ ಮೇಜಿನ ಪಕ್ಕದಲ್ಲೇ ಕೂತು ಗವಂತಿ, ಮುರಗಿ, ನೇಗಿ, ಮೆಂತ್ಯೆ ಹೊಲಿಗೆ ಹಾಕಿ ತೋರಿಸಿದರು. ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು, ಗಂಟು ಹಾಕುವಂತಿಲ್ಲ, ಗವಂತಿಯಾದರೆ ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಅವರ ಹಾಳೆಯ ಸಾಲುಗಳು ಮುಗಿದು ಇನ್ನೊಂದು ಹಾಳೆ ಜೋಡಿಸಬೇಕಾಯಿತು.

ಇನ್ನು ಗಲಾಟೆಯ ಸುದ್ದಿ. ಕಸೂತಿಯ ಕಪ್ಪು ಚಂದ್ರಕಾಳಿ ಸೀರೆಯ ಮೇಜಿಗೆ ಪಿಯುಸಿ ಓದುವ ಹುಡುಗಿಯೊಬ್ಬಳು ಕಾವಲಿದ್ದಳು. ಮೂರು ಮಾತಾಡಿದರೆ ಹೆಚ್ಚು. ಗಂಟೆ ಬಾರಿಸಿ ಹಾಳೆಗೆ ಗೆರೆ ಎಳೆದಳು, ಅಷ್ಟರಲ್ಲಿ ಊರಿನ ದೊಡ್ಡ ಮನುಷ್ಯರೊಬ್ಬರು ಬಂದು ಇನ್ನೂ ಎರಡು ಸಾವಿರ ಹೆಚ್ಚು ಬರೆಯುತ್ತೇನೆ ಅಂದರು. "ಮುಚ್ಚೇತ್ರಿ ಕಾಕಾ" ಅಂದಳು. ಅವರು ಒತ್ತಾಯಿಸಿದರು. ನಮ್ಮವರೆಲ್ಲ ನನ್ನ ಮುಖ ನೋಡಿದರು. ಶಾಲೆಗೆ ತಾನೇ ಹೋಗುವ ದುಡ್ಡು, ಬರೆಯಲಿ ಬಿಡು ಅನ್ನುವುದು ಅವರ ಕಣ್ಣಲ್ಲಿತ್ತು. ನನಗೂ ಆಸೆಯಾಗದೇ ಇರಲಿಲ್ಲ. ಆದರೆ ಆ ಸೀರೆಗಾಗಿ ಒಬ್ಬ ನಿವೃತ್ತ ಶಿಕ್ಷಕಿ ನಿಯಮದ ಪ್ರಕಾರವೇ ಬರೆದು, ಗಂಟೆಯವರೆಗೂ ಕಾದು ನಿಂತಿದ್ದರು. "ಆ ಮೇಜಿನ ಯಜಮಾನಿ ಅವಳು" ಅಂದೆ. ದೊಡ್ಡ ಮನುಷ್ಯರು ಮುನಿಸಿಕೊಂಡು ಹೋದರು, ಎರಡು ಸಾವಿರವೂ ಹೋಯಿತು. ಮುಂದಿನ ಮೇಜುಗಳಲ್ಲಿ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಗಂಟೆಯೆಂದರೆ ಗಂಟೆ ಅನ್ನುವುದು ಎಲ್ಲರಿಗೂ ತಿಳಿದುಹೋಗಿತ್ತು.

ನಿನಗೆ ಇದನ್ನೆಲ್ಲ ಬರೆಯುವ ಕಾರಣವಿದೆ, ಪುಟ್ಟಿ. ನಿನ್ನ ಆಫೀಸಿಗೆ ಹೊಸದಾಗಿ ಬಂದ ಹುಡುಗರ ಕೆಲಸವನ್ನು ರಾತ್ರಿ ಕೂತು ನಾನೇ ತಿದ್ದುತ್ತೇನೆ ಅಂದಿದ್ದೆಯಲ್ಲ, ಆ ದಿನದಿಂದ ನನಗೆ ಚಿಂತೆ. ಮೊದಲು ನಿನ್ನ ನಿದ್ದೆಯ ಚಿಂತೆ, ಆಮೇಲೆ ಆ ಹುಡುಗರದ್ದು. ಬರೀ ಕುರ್ಚಿ ಹೊರಿಸಿದರೆ ಅವರು ಕುರ್ಚಿ ಹೊರುವುದನ್ನಷ್ಟೇ ಕಲಿಯುತ್ತಾರೆ. ಪೆಟ್ಟಿಗೆಯ ಬೀಗದ ಕೈ ಕೊಡು. ಕೊಟ್ಟು ಊರು ಬಿಟ್ಟು ಹೋಗಬೇಡ, ಹತ್ತಿರದಲ್ಲೇ ಇರು. ಅವರು ಸರಿಯಾದ ಮಾತನ್ನೇ ಆಡಿ ದೊಡ್ಡವರ ಎದುರು ಒಂಟಿಯಾದಾಗ ಅವರ ಪಕ್ಕಕ್ಕೆ ಹೋಗಿ ನಿಲ್ಲು. ಮಿಕ್ಕದ್ದು ಅವರೇ ನೋಡಿಕೊಳ್ಳುತ್ತಾರೆ.

ಕಪಾಟು, ಪುಸ್ತಕ, ಎರಡು ಫ್ಯಾನಿಗೆ ಆಗುವಷ್ಟು ದುಡ್ಡು ಕೂಡಿದೆ. ನೆಲಕ್ಕೆ ಫರಸಿ ಹಾಕಿಸಲು ಇನ್ನೂ ಬೇಕು, ಆದ್ದರಿಂದ ಡಿಸೆಂಬರಿನಲ್ಲಿ ಮತ್ತೊಂದು ಲಿಲಾವು. ನೀನು ರಜೆಗೆ ಬರುವುದು ಹುಡುಗರಿಗೆ ಹೇಗೋ ಗೊತ್ತಾಗಿದೆ. ಕೆಲಸದ ಸಂದರ್ಶನಕ್ಕೆ ಹೇಗೆ ತಯಾರಾಗಬೇಕು ಅಂತ ನೀನು ಒಂದು ಸಂಜೆ ಹೇಳಿಕೊಡುವುದನ್ನು ಪಟ್ಟಿಗೆ ಸೇರಿಸಿಯೂ ಆಗಿದೆ. ನಿನ್ನ ಮೊದಲ ಬೆಲೆ ಎಷ್ಟು ಅಂತ ಆ ಪಿಯುಸಿ ಹುಡುಗಿಯೇ ನಿರ್ಧರಿಸುತ್ತಾಳೆ. ಕಡಿಮೆಯಾಯಿತು ಅಂತ ನನ್ನ ಹತ್ತಿರ ದೂರು ತರಬೇಡ.

ಇಂತಿ ನಿನ್ನ,
ಅಮ್ಮ