ಕೆರೆಗೆ ಎರಡು ಸುತ್ತು, ಆಮೇಲೆ ಚಾಪೆ

ಜೆ.ಪಿ. ನಗರ 7ನೇ ಹಂತದ ನಮ್ಮ ಪುಟ್ಟೇನಹಳ್ಳಿ ಕೆರೆಗೆ ಒಂದು ದಿನ ಬೆಳಗ್ಗೆ ಬನ್ನಿ. (ಯಲಹಂಕದ ಕಡೆಯೂ ಇದೇ ಹೆಸರಿನ ಕೆರೆಯಿದೆ. ಆಟೋದವರಿಗೆ ಬರೀ ಕೆರೆ ಹೆಸರು ಹೇಳಿದರೆ ಊರಿನ ಆ ತುದಿಗೆ ಹೋಗಿಬಿಟ್ಟೀರಿ!) ಸುತ್ತ ಅಪಾರ್ಟ್‌ಮೆಂಟುಗಳು, ನಡುವೆ ಸುಮಾರು 13 ಎಕರೆಯ ಪುಟ್ಟ ಕೆರೆ. ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಬಿಸಿಲಿಗೆ ಒಣಗಿಸ್ತಾ ಕೂತಿರುತ್ತವೆ. ಹಿಂದೆ ಇದು ಹೂಳು, ಕಸ ತುಂಬಿ ಸೊರಗಿತ್ತು. 2010ರಲ್ಲಿ ಇಲ್ಲಿನ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ಇದರ ಬೆನ್ನು ಹತ್ತಿದರು. ಅದರಿಂದಲೇ ನಮ್ಮಂಥವರಿಗೆ ಇವತ್ತು ವಾಕಿಂಗ್ ಭಾಗ್ಯ.

ನಾನೂ ದಿನಾ ಎರಡು ಸುತ್ತು ಹಾಕುವವಳೇ. ನಡೀತೀನಲ್ಲ, ನನಗೇನಾಗಿದೆ ಅನ್ನೋ ಜಂಬ ಇತ್ತು. ಹೋದ ವರ್ಷ ಸಂಕ್ರಾಂತಿ ದಿನ ಬಾಗಿಲಲ್ಲಿ ಕೂತು ರಂಗೋಲಿ ಬಿಟ್ಟೆ. ಏಳೋಕೆ ಹೋದರೆ ಆಗ್ತಾನೇ ಇಲ್ಲ! ಕೊನೆಗೆ ಹಾಲು ಹಾಕುವ ಹುಡುಗ ಕೈಕೊಟ್ಟು ಎಬ್ಬಿಸಿದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಪೂಜೆಗೂ ಕುರ್ಚಿ. ಮೊಮ್ಮಗ "ಅಜ್ಜಿ, ಕೆಳಗೆ ಬಾ, ಕಾರ್ ಆಡೋಣ" ಅಂದರೆ ಏನೋ ಒಂದು ನೆಪ.

ಪತ್ತೆ ಹಚ್ಚಿದವಳು ಸೊಸೆ. ಡಾಕ್ಟರಿಗೆ ತೋರಿಸಿದೆವು. ಮೂಳೆಗೆ ತೊಂದರೆಯಿಲ್ಲ, ತೊಡೆ, ಸೊಂಟ, ಹೊಟ್ಟೆಯ ಸ್ನಾಯುಗಳು ಸೋತಿವೆ ಅಂದರು. ಸೊಸೆ ಮಾರನೇ ವಾರವೇ ಮೇನ್‌ರೋಡಿನ ಅಂಗಡಿಯೊಂದರ ಮೇಲಿದ್ದ ಪಿಲಾಟೀಸ್ ಕ್ಲಾಸಿಗೆ ಎಳ್ಕೊಂಡು ಹೋದಳು. ಸಿನಿಮಾ ನಟಿಯರು ಮಾಡೋದಲ್ವೇನೇ ಅದು ಅಂತ ದಾರಿಯುದ್ದಕ್ಕೂ ಗೊಣಗಿದೆ.

ಮೊದಲ ದಿನ ಅಂಗಾತ ಮಲಗಿ, ಮಂಡಿ ಮಡಚಿ, ಉಸಿರು ಬಿಡ್ತಾ ಹೊಕ್ಕುಳನ್ನು ಒಳಗೆಳೆದುಕೊಳ್ಳೋದು, ಅಷ್ಟೇ. ಇದಕ್ಕೂ ದುಡ್ಡು ಕೊಡಬೇಕಾ ಅಂದುಕೊಂಡೆ. ಸೊಂಟ ನಿಧಾನಕ್ಕೆ ಎತ್ತಿ, ಅಷ್ಟೇ ನಿಧಾನಕ್ಕೆ ಇಳಿಸಿ ಅಂದಾಗ ತೊಡೆ ಗಡಗಡ ನಡುಗಿತು. ಆಮೇಲೆ 'ಹಂಡ್ರೆಡ್'. ಐದು ಎಣಿಕೆ ಉಸಿರು ಒಳಗೆ, ಐದು ಎಣಿಕೆ ಹೊರಗೆ, ಕೈ ಮೇಲೆ ಕೆಳಗೆ ಆಡಿಸ್ತಾ ಹತ್ತು ಸಲ. ಪಕ್ಕದ ಚಾಪೆಯಲ್ಲಿ ಮ್ಯಾರಥಾನ್ ಓಡುವ ಹುಡುಗ ತಲೆ, ಕಾಲು ಎರಡನ್ನೂ ಎತ್ತಿ ಮಾಡ್ತಿದ್ದ. ನನಗೆ "ಆಂಟಿ, ನೀವು ತಲೆ ಎತ್ತಬೇಡಿ, ಪಾದ ನೆಲದ ಮೇಲೇ ಇರಲಿ" ಅಂದರು ಟೀಚರ್. ವ್ಯಾಯಾಮ ಒಂದೇ, ಅವನಿಗೊಂದು ಹದ, ನನಗೊಂದು ಹದ. ಅವನೂ ನಡುಗ್ತಿದ್ದ ಅನ್ನೋದೇ ನನಗೆ ಸಮಾಧಾನ!

ಇದನ್ನು ರೂಪಿಸಿದ ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಆಸ್ತಮಾದಿಂದ ನರಳಿದ ಬಡಕಲು ಹುಡುಗ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಸೆರೆಯಲ್ಲಿಟ್ಟಾಗ ಜೊತೆಯವರಿಗೆ ವ್ಯಾಯಾಮ ಹೇಳಿಕೊಟ್ಟರು. ಹಾಸಿಗೆ ಹಿಡಿದವರಿಗಾಗಿ ಮಂಚಕ್ಕೇ ಸ್ಪ್ರಿಂಗ್ ಕಟ್ಟಿದರಂತೆ. ಈಗಿನ ಸ್ಪ್ರಿಂಗ್ ಯಂತ್ರಗಳನ್ನು ನೋಡಿದರೆ ಆ ಕತೆ ನೆನಪಾಗುತ್ತೆ. ನಮ್ಮಂಥವರಿಗೆ ಯಂತ್ರ ಬೇಕಿಲ್ಲ, ಚಾಪೆ ಸಾಕು.

ತೂಕ ಇಳಿಸೋಕೆ ಅಂತ ಹೋದರೆ ನಿರಾಸೆಯಾದೀತು. ವಾಕಿಂಗನ್ನೂ ಬಿಡಬೇಡಿ, ಹೃದಯಕ್ಕೆ ಅದು ಬೇಕೇ ಬೇಕು. ಮೂಳೆ ಸವೆತ ಇದ್ದವರು ಬೆನ್ನು ಮುಂದಕ್ಕೆ ಬಗ್ಗಿಸಿ ಸುರುಳಿ ಸುತ್ತುವ ವ್ಯಾಯಾಮಗಳನ್ನು ಮಾಡಬಾರದು. ಡಾಕ್ಟರನ್ನು ಕೇಳಿ, ಟೀಚರಿಗೂ ಮೊದಲೇ ಹೇಳಿಬಿಡಿ. ನಾಚಿಕೆ ಬೇಡ. ನಾನು ನಾಚಿಕೊಂಡೇ ನಾಲ್ಕು ತಿಂಗಳು ಕುರ್ಚಿಯಲ್ಲಿ ಕಳೆದೆ.

ಏಳೋದನ್ನೂ ಅಲ್ಲೇ ಕಲಿತೆ. ಪಕ್ಕಕ್ಕೆ ಹೊರಳಿ, ಕೈಯೂರಿ, ಒಂದು ಮಂಡಿ ನೆಲಕ್ಕೆ, ಇನ್ನೊಂದು ಪಾದ ಮುಂದಕ್ಕೆ. ಬಲಮಗ್ಗುಲಿಗೆ ಏಳು ಅಂತ ನಮ್ಮಮ್ಮ ದಿನಾ ಗದರ್ತಿದ್ದದ್ದು ನೆನಪಾಯ್ತು.

ಈ ಸಂಕ್ರಾಂತಿಗೆ ಚಿಕ್ಕದೊಂದು ರಂಗೋಲಿ ಬಿಟ್ಟೆ, ಹದಿನೈದು ಚುಕ್ಕಿಯದು. ಗೇಟಿನ ಕಂಬಕ್ಕೆ ಒಂದು ಕೈ ಕೊಟ್ಟೆ ನಿಜ, ಆದರೆ ನಾನೇ ಎದ್ದೆ. ಹಾಲಿನ ಹುಡುಗ ಸೈಕಲ್ ನಿಲ್ಲಿಸಿ ಕಾಯ್ತಾ ಇದ್ದ. "ಹೋಗಪ್ಪಾ, ಹೋಗು" ಅಂದೆ.