ಬೆನ್ನು ಕಾಣ್ತಿದೆ, ಅಷ್ಟೇ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕದೆ. ರಿಲೀಸು, ಬಗ್ಗು ಅಂತ ನೆಪ ಹೇಳಬಹುದು, ನಿಜ ಅಂದ್ರೆ ಬರೀ ಸೋಮಾರಿತನ :-) ಆದ್ರೆ ಹೋದ ಶನಿವಾರ ರಾತ್ರಿಯದ್ದನ್ನ ಬರೆಯದೆ ಇರೋಕೆ ಆಗ್ತಿಲ್ಲ.

ನಾನಿರೋದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಆಫೀಸಲ್ಲಿ ನನ್ನ ಪಕ್ಕದ ಸೀಟಿನವನ ಚಿಕ್ಕಪ್ಪನಿಗೆ ಇಲ್ಲಿಂದ ಎರಡು ಗಂಟೆ ದಾರಿಯಲ್ಲಿ ಜಮೀನು, ದನ ಎಲ್ಲ ಇದೆ. "ಹಂದಿ ಹೊಡೆಯೋಕೆ ಹೋಗ್ತಿದೀನಿ, ಬರ್ತೀಯಾ?" ಅಂದ. ತೀರ್ಥಹಳ್ಳಿ ಕಡೆಯ ನಮ್ಮ ಗದ್ದೆ, ಮಾಳ, ಅಜ್ಜನ ಕೇಪಿನ ಕೋವಿ ಎಲ್ಲ ಒಟ್ಟಿಗೆ ನೆನಪಾಗಿ ಹೂಂ ಅಂದುಬಿಟ್ಟೆ. ಟೆಕ್ಸಸ್‌ನಲ್ಲಿ ಕಾಡುಹಂದಿ 20 ಲಕ್ಷಕ್ಕೂ ಹೆಚ್ಚಿವೆ ಅಂತ ಅಂದಾಜು. ಒಂದೇ ರಾತ್ರಿಯಲ್ಲಿ ಹುಲ್ಲುಗಾವಲನ್ನ ಉತ್ತು ಹಾಕ್ತಾವೆ. ಜಮೀನಿನವರು ಒಪ್ಪಿದ್ರೆ ಸಾಕು, ಖಾಸಗಿ ಜಮೀನಲ್ಲಿ ಅವನ್ನ ಹೊಡೆಯೋಕೆ 2019ರಿಂದ ಬೇಟೆ ಲೈಸೆನ್ಸೂ ಬೇಡ.

ಅವನ ರೈಫಲ್ ಮೇಲಿದ್ದದ್ದು ಮಾಮೂಲಿ ಹಗಲಿನ ಸ್ಕೋಪ್. ಕತ್ತಲಾದ ಮೇಲೆ ಅದರ ಮುಂದೆ ಒಂದು ದಪ್ಪ ಕೊಳವೆ ಸಿಕ್ಕಿಸಿದ. ಕ್ಲಿಪ್-ಆನ್ ನೈಟ್ ವಿಷನ್ ಅಂತೆ. ನಕ್ಷತ್ರದ ಬೆಳಕು ಒಳಗೆ ಹೋಗಿ ಎಲೆಕ್ಟ್ರಾನ್ ಆಗುತ್ತೆ. ಲಕ್ಷಾಂತರ ಸೂಕ್ಷ್ಮ ತೂತುಗಳಿರೋ ಗಾಜಿನ ಬಿಲ್ಲೆಯೊಳಗೆ ಆ ಒಂದು ಎಲೆಕ್ಟ್ರಾನ್ ಸಾವಿರಾರಾಗಿ, ಆ ಕಡೆ ಫಾಸ್ಫರ್ ಪರದೆ ಮೇಲೆ ಹಸಿರು ಚಿತ್ರವಾಗುತ್ತೆ. ಸ್ಕೋಪ್ ನೋಡೋದು ಆ ಚಿತ್ರವನ್ನ. ಸ್ಕೋಪನ್ನ ಬಿಚ್ಚೋ ಹಾಗಿಲ್ಲ, ಹಗಲಲ್ಲಿ ಗುರಿ ಹೊಂದಿಸಿದ್ದು ಹಾಗೇ ಇರುತ್ತೆ. ಇದ್ದ ಕೋಡ್ ಮುಟ್ಟದೆ ಮುಂದೊಂದು ಅಡಾಪ್ಟರ್ ಬರೆದ ಹಾಗೆ! ಆದ್ರೆ ಕೊಳವೆಯಿಂದ ಬೆಳಕು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ವಾರೆಯಾಗಿ ಬಂದ್ರೂ 400 ಗಜದಲ್ಲಿ ಗುಂಡು ನಾಲ್ಕು ಇಂಚು ಆಚೆ. ಅದಕ್ಕೇ ಹಿಂದಿನ ವಾರ ಕ್ಲಿಪ್-ಆನ್ ಹಾಕಿ, ತೆಗೆದು, ಮತ್ತೆ ಹಾಕಿ ಗುರಿ ಹೊಡೆದು ನೋಡಿದ್ದನಂತೆ.

ನಾನೂ ಒಂದ್ಸಲ ನೋಡೋಣ ಅಂತ ಮುಂದೆ ಬಾಗಿದೆ. "ಗ್ರೀನ್ ಕಾರ್ಡ್ ಇದೆಯಾ?" ಅಂದ!! ಈ ಟ್ಯೂಬುಗಳು ಅಮೆರಿಕದ ಶಸ್ತ್ರ ರಫ್ತು ಕಾನೂನಿನ ಕೆಳಗೆ ಬರ್ತಾವೆ. ವೀಸಾದವರ ಕೈಗೆ ಕೊಡಲ್ಲ, ಕಣ್ಣಿಡೋಕೂ ಬಿಡಲ್ಲ ಅಂತ ಅವನ ನಿಯಮ. ಎಚ್-1ಬಿ ಎಲ್ಲೆಲ್ಲಿ ಅಡ್ಡ ಬರುತ್ತೆ ನೋಡಿ... ಸರಿ, ಅವನು ಮಲಗಿ ಕಾಮೆಂಟರಿ ಹೇಳೋದು, ನಾನು ಪಕ್ಕದಲ್ಲಿ ಕೂತು ಕತ್ತಲು ನೋಡೋದು.

ಹನ್ನೊಂದರ ಹೊತ್ತಿಗೆ "ಬಂದ್ವು" ಅಂದ. ಐದೋ ಆರೋ, ಬೇಲಿ ಕಂಬದ ಹತ್ರ. ರಾತ್ರಿ ಆ ಹಸಿರು ಚಿತ್ರದಲ್ಲಿ ದೂರ ಅಂದಾಜೇ ಸಿಗಲ್ಲ ಅಂತ ಹಗಲಲ್ಲೇ ಲೇಸರ್ ಹಿಡಿದು ಅಳೆದು ಬರೆದಿಟ್ಟುಕೊಂಡಿದ್ದ. ಆ ಕಂಬ ಸರಿಯಾಗಿ 400 ಗಜ.

"ಹೊಡಿ ಮತ್ತೆ!"

"ಬೆನ್ನು ಕಾಣ್ತಿದೆ, ಅಷ್ಟೇ. ಹುಲ್ಲು ಎತ್ತರ ಇದೆ."

"ಝೂಮ್ ಮಾಡು."

"ಮಾಡಿದ್ರೆ ಪರದೆಯ ಕಾಳು ದೊಡ್ಡದಾಗುತ್ತೆ, ಹಂದಿ ಅಲ್ಲ."

ಚಿಕ್ಕ ಜೇಪೆಗ್ ಹಿಗ್ಗಿಸಿ ನೋಡಿದವರಿಗೆ ಗೊತ್ತು ಇದು. ಆದ್ರೂ ನಾನು ಸುಮ್ಮನಿರಲಿಲ್ಲ. ಐದು ನಿಮಿಷ ಬಿಟ್ಟು "ಇನ್ನೇನು ಆಗಿರುತ್ತೆ, ಹಂದೀನೇ" ಅಂತ ಮತ್ತೆ ಪಿಸುಗುಟ್ಟಿದೆ. ನನಗೆ ಏನೂ ಕಾಣ್ತಿರಲಿಲ್ಲ ಅನ್ನೋದು ನೆನಪಿರಲಿ!

ಆರನೇ ಕ್ಲಾಸಲ್ಲಿದ್ದಾಗ ನಮ್ಮ ಪಕ್ಕದ ಊರಲ್ಲಿ ಒಬ್ಬರು ಗದ್ದೆ ಕಾಯ್ತಾ ಕೂತವರು ಪೊದೆ ಅಲುಗಾಡಿತು ಅಂತ ಕೋವಿ ಹಾರಿಸಿದ್ರು. ಅದು ಹಂದಿ ಆಗಿರಲಿಲ್ಲ. ಅವರ ಮನೆಯಿಂದ ನಾಲ್ಕು ಮನೆ ಆಚೆಯವರು, ಮಾಳಕ್ಕೆ ಹೊರಟಿದ್ದವರು. ಬ್ಯಾಟರಿ ಬೆಳಕು ಸಾಲಲಿಲ್ಲ, ಅದಕ್ಕೇ ಹಾಗಾಯ್ತು ಅಂತ ಊರೆಲ್ಲ ಅಂದಿತು. ಅಜ್ಜ ಏನೂ ಅನ್ನಲಿಲ್ಲ. ಆಮೇಲೆ ಮಾಳಕ್ಕೆ ಹೋದ್ರೂ ಕೋವಿ ಒಯ್ಯದೆ ರಾತ್ರಿಯಿಡೀ ಡಬ್ಬ ಬಡೀತಿದ್ರು. ಅವತ್ತು ಚೆನ್ನಾಗಿ ಬೆಳಕಿದ್ದಿದ್ರೆ ಆ ಜೀವ ಉಳೀತಿತ್ತು ಅಂತ ನಾನು ಇಷ್ಟು ವರ್ಷ ನಂಬಿದ್ದೆ. ಇಲ್ಲಿ ಬೆಳಕಿಗೇನೂ ಕೊರತೆ ಇರಲಿಲ್ಲ, "ಹಂದೀನೇ" ಅಂತ ಅವಸರ ಮಾಡ್ತಿದ್ದವನು ನಾನೇ. ಮೈ ಬೆವರಿತು.

ಇನ್ನೊಂದು ಇಪ್ಪತ್ತು ನಿಮಿಷ ಆಗಿರಬೇಕು. "ಬಾಲ ಬೀಸ್ತು. ಉದ್ದ ಬಾಲ" ಅಂದ. ಸ್ವಲ್ಪ ಹೊತ್ತಿಗೆ ಒಂದು ಹುಲ್ಲಿಂದ ಈಚೆ ಬಂತಂತೆ, ಕಾಲೂ ಕಂಡ್ವು. ಪಕ್ಕದ ಜಮೀನಿನ ಕರುಗಳು, ಬೇಲಿ ಬಿದ್ದ ಕಡೆಯಿಂದ ನುಗ್ಗಿದ್ದವು. ಅವನು ಮಾತಾಡದೆ ರೈಫಲ್‌ನಿಂದ ಗುಂಡು ತೆಗೆದು ಜೇಬಿಗೆ ಹಾಕಿದ.

ಆಮೇಲೆ ಇಬ್ಬರೂ ಟಾರ್ಚ್ ಹಿಡಿದು ಹೋಗಿ ಕರುಗಳನ್ನ ಆಚೆ ಅಟ್ಟಿ, ಎರಡು ಗಂಟೆವರೆಗೂ ಬೇಲಿ ತಂತಿ ಬಿಗಿದ್ವಿ. ಕಟಿಂಗ್ ಪ್ಲೇಯರ್ ಹಿಡಿಯೋಕೆ ಗ್ರೀನ್ ಕಾರ್ಡ್ ಕೇಳಲಿಲ್ಲ ಪುಣ್ಯಾತ್ಮ :-)