ಹಿಂಡಿನೊಡನೆ ಬಾಳಿದ ಪಾಲಕರು

ಕಲಬುರಗಿಯ ನೆರೆಯ ಶರಣಸಿರಸಗಿಯು ಎರೆಭೂಮಿಯ ಸೀಮೆಯಲ್ಲಿರುವ ಊರು. ತೊಗರಿ, ಜೋಳಗಳ ಸುಗ್ಗಿ ತೀರಿದ ಮೇಲೆ ಈ ಸೀಮೆಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಯ ಹಿಂಡನ್ನು ನಿಲ್ಲಿಸುವ ವಾಡಿಕೆಯುಂಟು. ರಾತ್ರಿಯಲ್ಲಿ ಕುರಿಗಾರನು ಊರೊಳಗೆ ಹೋಗಿ ಮಲಗುವುದಿಲ್ಲ. ಕಂಬಳಿ ಹೊದ್ದು ಹಿಂಡಿನ ಮಗ್ಗುಲಲ್ಲಿಯೇ ಮಲಗುವನು. ತೋಳ ಬಂದರೆ ಮೊದಲು ಎದುರಾಗತಕ್ಕವನು ಅವನೇ. ಕ್ರೈಸ್ತರು ತಮ್ಮ ಗುರುವಿಗೆ ಸಭಾಪಾಲಕನೆಂಬ ಹೆಸರನ್ನಿಟ್ಟದ್ದು ಇಂಥ ಕುರಿಗಾರನನ್ನು ನೆನೆದೇ.

ನುಡಿಗಿಂತ ನಡೆಯೇ ಹಿರಿದೆಂಬುದು ಕಲಬುರಗಿಗೆ ಹೊಸ ಮಾತಲ್ಲ. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರನ್ನು ಇಲ್ಲಿಯ ಜನರು ಇಂದಿಗೂ ನೆನೆಯುವುದು ಅವರ ದಾಸೋಹಕ್ಕಾಗಿ. ಇದೇ ನಗರವು 2005ರಲ್ಲಿ ಕ್ಯಾಥೋಲಿಕ ಧರ್ಮಪ್ರಾಂತದ ಕೇಂದ್ರವಾಯಿತು. ಅದರ ಮೊದಲನೆಯ ಬಿಷಪ್ಪರಾದ ರಾಬರ್ಟ್ ಮಿರಾಂಡಾ ಅವರು ಕರಾವಳಿಯಿಂದ ಬಂದವರು. ಆ ಕರಾವಳಿಯಲ್ಲಿ ಹಿಂದಿನ ಪಾಲಕರು ಹೇಗೆ ನಡೆದುಕೊಂಡರೆಂಬುದನ್ನು ತಿಳಿಯಬೇಕೆಂದು ನಾವು ಮಂಗಳೂರಿಗೆ ಹೊರಟೆವು.

ಅಲ್ಲಿ ಮೊದಲು ಬಲ್ಮಠದ ಗುಡ್ಡವನ್ನು ಹತ್ತಿದೆವು. 1836ರಲ್ಲಿ ಬಂದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರ ಹೆಸರು ಈ ಗುಡ್ಡಕ್ಕೆ ಅಂಟಿಕೊಂಡಿದೆ. ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರೆಂದು ವಾಚಕರು ಅವರನ್ನು ಬಲ್ಲರು. ಆದರೆ ಅವರು ತಮ್ಮ ಶಾಲೆಯ ಹುಡುಗರೊಡನೆ ವಾಸಮಾಡಿ, ಅವರು ಉಂಡದ್ದನ್ನೇ ಉಣ್ಣುತ್ತಿದ್ದರೆಂಬುದನ್ನು ಬಲ್ಲವರು ಕಡಿಮೆ. ದೊರೆಗಳ ಬಂಗಲೆಯ ಬಾಳು ಬೇರೆ, ಬಡವರ ಬಾಳು ಬೇರೆ ಎಂದಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಮುಂದೆ 1853ರಲ್ಲಿ ಅವರು ಕೊಡಗಿಗೆ ಹೋಗಿ, ಸಿದ್ದಾಪುರದ ಬಳಿ ಆನಂದಪುರವೆಂಬ ಊರನ್ನು ಹೊಲೆಯರೆನಿಸಿಕೊಂಡು ತುಳಿತಕ್ಕೊಳಗಾದವರಿಗಾಗಿ ಕಟ್ಟಿದರು. ಹೆಂಡತಿಯ ಅನಾರೋಗ್ಯದಿಂದ 1860ರಲ್ಲಿ ಜರ್ಮನಿಗೆ ಮರಳಬೇಕಾಯಿತು.

ಹೊಸ ಮತವನ್ನು ಹಿಡಿದವನಿಗೆ ಆಗ ಜಾತಿಯೂ ಮನೆಯೂ ಕಸುಬೂ ಒಮ್ಮೆಗೇ ತಪ್ಪಿಹೋಗುತ್ತಿದ್ದವು. ಆದುದರಿಂದ ಮಿಶನ್ನಿನವರು ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಅನ್ನವೇನೋ ದೊರಕಿತು. ಆದರೆ ಒಂದು ಅಪಾಯವೂ ಕೂಡಿಬಂತು: ಉಪದೇಶಿಸುವವರೇ ಕೂಲಿ ಕೊಡುವವರೂ ಆದರೆ, ಸಭೆಯವನು ತಲೆಬಾಗುವುದು ಭಕ್ತಿಯಿಂದಲೋ ಹೊಟ್ಟೆಯ ಭಯದಿಂದಲೋ ಹೇಳುವವರಾರು? ಯಜಮಾನನಿಗೂ ಪಾಲಕನಿಗೂ ಇರುವ ಅಂತರವು ಅವನ ನಡತೆಯಿಂದ ಮಾತ್ರ ತಿಳಿಯತಕ್ಕದ್ದು. ಮೋಗ್ಲಿಂಗರು ಹುಡುಗರ ಪಂಕ್ತಿಯಲ್ಲಿ ಕುಳಿತದ್ದರ ಬೆಲೆ ನಮಗೆ ಇಲ್ಲಿ ಅರಿವಾಯಿತು.

ಬಲ್ಮಠದಿಂದ ಕಂಕನಾಡಿ ದೂರವಲ್ಲ. ಅಲ್ಲಿಯ ದೊಡ್ಡ ಆಸ್ಪತ್ರೆಯು ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರರ ಹೆಸರನ್ನು ಹೊತ್ತಿದೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಈ ಜರ್ಮನ್ ಪಾದ್ರಿಗಳು 1880ರಲ್ಲಿ ಹೋಮಿಯೋಪಥಿ ಔಷಧದ ಒಂದು ಪೆಟ್ಟಿಗೆಯಿಂದ ಕೆಲಸವನ್ನಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿಸಿದರು. ಹತ್ತಿರದ ಬಂಧುಗಳೇ ಹೊರಗೆ ಹಾಕುತ್ತಿದ್ದ ರೋಗಿಗಳವರು. 1902ರಲ್ಲಿ ಪ್ಲೇಗಿನವರಿಗೂ ಬೇರೆ ಆಸ್ಪತ್ರೆಯಾಯಿತು. ಜನರು ಊರು ಬಿಟ್ಟೋಡುವಂಥ ಬೇನೆಯ ನಡುವೆ ಪಾದ್ರಿಗಳು ನಿಂತರು. 1910ರಲ್ಲಿ ಅವರು ತೀರಿಕೊಂಡದ್ದು ಈ ಊರಿನಲ್ಲಿಯೇ.

ಗೃಹಸ್ಥರಾದ ನಮಗೂ ಇದರಲ್ಲಿ ಪಾಠವುಂಟು. ಮಕ್ಕಳಿಗೆ ಮಿತವ್ಯಯವನ್ನು ಬೋಧಿಸುವ ತಂದೆಯ ತಟ್ಟೆಯಲ್ಲಿ ಏನಿದೆಯೆಂದು ಮಕ್ಕಳು ನೋಡುವರು. ಮನೆಯಾಳು ಜ್ವರದಿಂದ ಮಲಗಿದಾಗ ಗಂಜಿ ಕೊಂಡೊಯ್ದವರಾರೆಂಬುದನ್ನೂ ನೋಡುವರು. ಪಾಲಕನು ಯಾವ ಮತದವನೇ ಆಗಲಿ, ಹಿಂಡು ಅವನನ್ನು ಅಳೆಯುವುದು ಇಂಥ ಗಳಿಗೆಗಳಲ್ಲಿಯೇ.